ಕಪ್ಪಿಟ್ಟ ಬಳೆಗಳು

ಪಾನಿಪುರಿಗೆಂದು ತಂದ ಕಪ್ಪುಪ್ಪಿನ ಪೊಟ್ಟಣವನ್ನು ನಿನ್ನೆ ಒಡೆದೆ ನೋಡಿ, ಅಡುಗೆಮನೆಯೆಲ್ಲ ಕೊಳೆತ ಮೊಟ್ಟೆಯ ವಾಸನೆ. ಮನೆಯವರು ಮೂಗು ಮುಚ್ಚಿಕೊಂಡರು. ನಾನು ಮಾತ್ರ ಪೊಟ್ಟಣ ಹಿಡಿದು ನಿಂತೇಬಿಟ್ಟೆ. ಶಂಕರಘಟ್ಟದ ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರದ ಎಂ.ಎಸ್ಸಿ. ಓದುವಾಗ ಲ್ಯಾಬಿನ ಇದೇ ವಾಸನೆ ನಮ್ಮ ದುಪಟ್ಟಾ, ಜಡೆ, ಊಟದ ಡಬ್ಬಿಯವರೆಗೂ ಹತ್ತಿಕೊಂಡು ಬರುತ್ತಿತ್ತು. ಶಿವಮೊಗ್ಗದ ಬಸ್ಸಿನಲ್ಲಿ ನಮ್ಮ ಪಕ್ಕದ ಸೀಟು ಸದಾ ಖಾಲಿ.

ಆ ವಾಸನೆ ಹೈಡ್ರೋಜನ್ ಸಲ್ಫೈಡ್ ಅನಿಲದ್ದು. ಲ್ಯಾಬಿನಲ್ಲಿ ಅದರ ಕೆಲಸ ಸರಳ. ಯಾವ ಲೋಹವಿದೆಯೆಂದು ತಿಳಿಯದ ದ್ರಾವಣಕ್ಕೆ ಆಮ್ಲ ಹಾಕಿ ಅನಿಲ ಹಾಯಿಸಿದರೆ ತಾಮ್ರ, ಸೀಸದಂಥವು ಕಪ್ಪಾಗಿ ತಳದಲ್ಲಿ ಕೂರುತ್ತವೆ. ಅವು ಎರಡನೇ ಗುಂಪು. ಸತು, ನಿಕ್ಕಲ್ ಕರಗಿಕೊಂಡೇ ಇದ್ದು, ಅಮೋನಿಯಾ ಬೆರೆಸಿದ ಮೇಲಷ್ಟೇ ಕೆಳಗಿಳಿಯುತ್ತವೆ. ಇಷ್ಟು ತಲೆಗೆ ಹೋಗಲು ನನಗೆ ಒಂದು ವರ್ಷ ಹಿಡಿಯಿತು, ಆ ಮಾತು ಬೇರೆ.

ನನ್ನ ಜೊತೆಗಾತಿ ಶಾಲಿನಿಗೆ ಆಗಷ್ಟೇ ನಿಶ್ಚಿತಾರ್ಥವಾಗಿತ್ತು. ಭದ್ರಾವತಿಯ ಜನ್ನಾಪುರದ ಹುಡುಗ. ಅವನ ತಾಯಿ ಪಾರ್ವತಮ್ಮ ತಮ್ಮ ಕೈಯ ಚಿನ್ನದ ಬಳೆಗಳನ್ನೇ ಬಿಚ್ಚಿ ಇವಳಿಗೆ ತೊಡಿಸಿದ್ದರು. ಅವನ್ನು ತೊಟ್ಟೇ ಅವಳು ಲ್ಯಾಬಿಗೆ ಬಂದಳು. ಅನಿಲದ ನಳಿಕೆ ಹಿಡಿದು ನಿಂತವಳು ಸ್ವಲ್ಪ ಹೊತ್ತಿಗೆ ಕೈ ನೋಡಿಕೊಂಡಳು. ಬಳೆಗಳು ಕಪ್ಪಿಟ್ಟಿದ್ದವು.

“ನಿನ್ ಬಳೆನೂ ಎರಡನೇ ಗುಂಪು ಕಣೇ!” ಎಂದು ನಾನು ನಕ್ಕೆ. ಬೇರೆ ಯಾರೂ ನಗಲಿಲ್ಲ. ಚಿನ್ನ ಹಾಗೆ ಕಪ್ಪಾಗದು ಎಂಬುದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಒಳಗಿರುವುದು ತಾಮ್ರ, ಮೇಲೆ ಚಿನ್ನದ ನೀರಷ್ಟೇ.

“ಮೋಸ ಮಾಡಿದಾರೆ. ಈಗ್ಲೇ ಹೋಗಿ ಕೇಳ್ತೀನಿ. ನೀನೂ ಬಾ ಮಾರಾಯ್ತಿ,” ಎಂದಳು ಶಾಲಿನಿ.

ಜನ್ನಾಪುರದ ಮನೆಯಲ್ಲಿ ಪಾರ್ವತಮ್ಮ ಬಳೆಗಳನ್ನು ಸೆರಗಿನಿಂದ ಉಜ್ಜಿದರು. ಮತ್ತೆ ಉಜ್ಜಿದರು. “ನಮ್ಮಮ್ಮ ಕೊಟ್ಟಿದ್ದು ಕಣಮ್ಮ. ಬೀರುವಿಂದ ತೆಗೆಯೋದೇ ಮದುವೆ ಮುಂಜಿಗೆ,” ಎಂದವರ ಕಣ್ಣು ಮೆಲ್ಲಗೆ ಗಂಡನತ್ತ ತಿರುಗಿತು. ಅವರು ಪೇಪರಿನಿಂದ ತಲೆ ಎತ್ತಲಿಲ್ಲ.

“ರೀ, ಪಾಲಿಶ್ ಮಾಡಿಸ್ತೀನಿ ಅಂತ ಒಂದ್ಸಲ ತಗೊಂಡೋಗಿದ್ರಲ್ಲ?”

ಪೇಪರ್ ಮಡಚುತ್ತ ಅವರೆಂದರು: “ನನ್ ತಂಗಿ ಮದುವೆ ನಿಂತೋಗ್ತಿತ್ತು. ಅದನ್ನ ಮಾರಿ ಇದನ್ನ ತಂದಿಟ್ಟೆ. ಆಮೇಲೆ ಮಾಡಿಸಿಕೊಡೋಣ ಅಂತಿದ್ದೆ.”

“ಆ ಮದುವೇಲಿ ಇದೇ ಬಳೆ ಹಾಕ್ಕೊಂಡು ಬಡಿಸಿದ್ನಲ್ರೀ ನಾನು. ನೀವು ನೋಡ್ತಾ ಕೂತಿದ್ರಿ.”

ಜಗಳಕ್ಕೆ ಸಿದ್ಧಳಾಗಿ ಬಂದಿದ್ದ ಶಾಲಿನಿ ಗೋಡೆಗೊರಗಿ ನಿಂತಳು. ನನಗೆ ಅಲ್ಲಿಂದ ಓಡಿಹೋಗಬೇಕೆನಿಸಿತು. ಪಾರ್ವತಮ್ಮ ಅಳಲಿಲ್ಲ, ಕೂಗಲಿಲ್ಲ. ಕಪ್ಪು ಬಳೆಗಳನ್ನು ತಮ್ಮ ಕೈಗೇ ಏರಿಸಿಕೊಂಡು, “ಕೂತ್ಕೊಳ್ರಮ್ಮ, ಕಾಫಿ ತರ್ತೀನಿ,” ಎಂದು ಒಳಗೆ ಹೋದರು.

ಶಾಲಿನಿಯ ಮದುವೆಯೇನೋ ನಡೆಯಿತು. ನಾನು ಶಿವಮೊಗ್ಗದಲ್ಲಿ ರಸಾಯನಶಾಸ್ತ್ರದ ಮೇಡಂ ಆದೆ. ಸಲ್ಫೈಡ್ ಪಾಠ ಬಂದಾಗಲೆಲ್ಲ ಬಳೆಯ ಕತೆಯನ್ನು ನನ್ನ ಆ ತಮಾಷೆಯ ಮಾತಿಗೆ ನಿಲ್ಲಿಸಿ, ತರಗತಿಯನ್ನು ನಗಿಸುತ್ತ ಬಂದೆ.

ನಿನ್ನೆ ಆ ವಾಸನೆಯ ನೆಪದಲ್ಲಿ ಶಾಲಿನಿಗೆ ಫೋನ್ ಮಾಡಿ, ಆ ಬಳೆ ಕೊನೆಗೆ ಏನಾಯಿತೆಂದು ಕೇಳಿದೆ.

“ಅತ್ತೆ ಇವತ್ತಿಗೂ ಬಿಚ್ಚಿಲ್ಲ ಕಣೇ. ಹುಣಸೆಹಣ್ಣು ಹಾಕಿ ತಿಕ್ಕಿ ಕೊಡ್ತೀನಿ ಅಂದ್ರೆ ಕೈ ಹಿಂದಕ್ಕೆ ಎಳ್ಕೊಂಡ್ರು. ಮಾವ ಚಿನ್ನದ್ದು ಮಾಡಿಸಿ ತಂದ್ರು, ಅದನ್ನ ನನ್ ಕೈಗೆ ಹಾಕಿದ್ರು. ದಿನಾ ಮಾವಂಗೆ ಬಡಿಸೋದು ಆ ಕಪ್ಪು ಬಳೆ ಕೈಯಲ್ಲೇ. ಮಾವ ತಟ್ಟೆ ಬಿಟ್ಟು ಕಣ್ಣೆತ್ತಲ್ಲ.”

ಇಷ್ಟು ವರ್ಷ! ನಾಳೆ ಮತ್ತೆ ಅದೇ ಪಾಠವಿದೆ. ತಾಮ್ರ ತಳಕ್ಕೆ ಕೂರುವುದನ್ನು ತೋರಿಸಿ ಸುಮ್ಮನಾಗುತ್ತೇನೆ. ನಗಿಸಲು ನನ್ನಿಂದಾಗದು.