ಆರ್ವಿಡ್ ಹಲಗೆ ಬಿಚ್ಚಿದರೆ

ಉತ್ತರ ಅಯೋವಾದ ಬಯಲಿನಲ್ಲಿ ಮಾರ್ಚ್ ತಿಂಗಳನ್ನು ನಂಬಿ ಕೆಟ್ಟವರು ಬಹಳ ಮಂದಿ. ಆದರೆ ಪ್ರತಿವರ್ಷವೂ ತಪ್ಪದೆ ನಂಬಿ, ತಪ್ಪದೆ ಕೆಡುವವನು ಆರ್ವಿಡ್ ಟ್ವೈಟ್ ಒಬ್ಬನೇ. ವಯಸ್ಸು ಎಪ್ಪತ್ತೆರಡು. ಕುಡಿತವಿಲ್ಲ, ಇಸ್ಪೀಟಿಲ್ಲ, ಇದ್ದದ್ದು ಒಂದೇ ಚಟ. ಸುತ್ತಲಿನ ಹತ್ತು ಮೈಲಿಯಲ್ಲಿ ಮೊದಲು ಓಟ್ಸ್ ಬಿತ್ತಿದವನು ತಾನೇ ಆಗಬೇಕು.

ಚಳಿಗಾಲವಿಡೀ ಅವನ ಟ್ರ್ಯಾಕ್ಟರಿನ ಹಿಂದೆ ಹಿಮ ತಳ್ಳುವ ಕಬ್ಬಿಣದ ಹಲಗೆ ಇರುತ್ತಿತ್ತು. ಬಿತ್ತುವ ಯಂತ್ರವನ್ನು ಕಟ್ಟುವುದೂ ಅದೇ ಕೊಂಡಿಗೆ. ಹಾಗಾಗಿ ಮೊದಲು ಹಲಗೆ ಬಿಚ್ಚಬೇಕು. ಅವನು ಹಲಗೆ ಬಿಚ್ಚಿದ ಎರಡು ದಿನದೊಳಗೆ ಹಿಮ ಬೀಳಬೇಕು. ಮೂವತ್ತು ವರ್ಷದಿಂದ ಇದು ತಪ್ಪಿದ್ದಿಲ್ಲ. ಊರಿನವರು ಟಿವಿಯ ಹವಾಮಾನ ವರದಿಗಿಂತ ಆರ್ವಿಡ್‌ನ ಅಂಗಳವನ್ನೇ ಹೆಚ್ಚು ನಂಬುತ್ತಿದ್ದರು. ಹಲಗೆ ನೆಲದ ಮೇಲೆ ಕಂಡರೆ ಸಾಕು, ಅಂಗಡಿಗೆ ಓಡಿ ಹಾಲು, ಬ್ರೆಡ್ಡು ತಂದಿಟ್ಟುಕೊಳ್ಳುತ್ತಿದ್ದರು.

ಈ ವರ್ಷದ ಸಂಗತಿ ಬೇರೆ. ಮಾರ್ಚ್ ಕೊನೆಯ ಶನಿವಾರಕ್ಕೆ ಆರ್ವಿಡ್ ಮತ್ತು ಲವರ್ನ್ ಮದುವೆಯಾಗಿ ಐವತ್ತು ವರ್ಷ. ಅವರ ಮದುವೆಯ ದಿನ ಹಿಮಬಿರುಗಾಳಿ ಎದ್ದು, ಚರ್ಚಿಗೆ ಬಂದವರು ಪಾದ್ರಿ, ಆರ್ಗನ್ ನುಡಿಸುವಾಕೆ, ರಸ್ತೆ ಕಾಣದೆ ಒಳಗೆ ನುಗ್ಗಿದ ಹಾಲಿನ ಲಾರಿಯ ಚಾಲಕ, ಇಷ್ಟೇ ಮಂದಿ. ಇನ್ನೂರು ಜನಕ್ಕೆ ಮಾಡಿದ ಅಡುಗೆಯನ್ನು ಆ ಚಾಲಕನೊಬ್ಬನೇ ತಿಂದಷ್ಟು ತಿಂದಿದ್ದ. ಲವರ್ನ್ ಅಂದು ಅಳಲಿಲ್ಲ. ಆ ಕಡೆಯ ಜನ ನಾಲ್ಕು ಮಂದಿಯ ಎದುರು ಅಳುವವರಲ್ಲ. ಆದರೆ ಐವತ್ತು ವರ್ಷವೂ ಆ ಖಾಲಿ ಬೆಂಚುಗಳು ಅವಳ ಕಣ್ಣೆದುರಿಗೇ ಇದ್ದವು.

"ಶನಿವಾರ ಚರ್ಚು ತುಂಬಬೇಕು, ಅಷ್ಟೇ ನನಗೆ ಬೇಕಾಗಿರೋದು," ಎಂದಿದ್ದಳು. "ಅಲ್ಲೀತನಕ ಆ ಹಲಗೆ ಮುಟ್ಟಿದ್ರೆ ನೋಡು ಮತ್ತೆ."

"ನಾನ್ಯಾಕೆ ಮುಟ್ಟಲಿ? ನನಗೇನು ಹುಚ್ಚಾ?"

ಆ ವಾರ ಆಕಾಶಕ್ಕೇ ಹುಚ್ಚು ಹಿಡಿದಿತ್ತು. ಸೋಮವಾರ ಆಲಿಕಲ್ಲು, ಮಂಗಳವಾರ ಗುಡುಗು. ಬುಧವಾರ ಬೆಳಿಗ್ಗೆ ಕೈಗವಸು ಹಾಕಿಕೊಂಡು ಹೊರಟವರು ಮಧ್ಯಾಹ್ನ ಅಂಗಿ ಬಿಚ್ಚಿ ಹೆಗಲಿಗೆ ಹಾಕಿಕೊಂಡು ಬಂದರು. ಗುರುವಾರ ಮಾತ್ರ ಎಳೆಬಿಸಿಲು, ತಲೆಯ ಮೇಲೆ ಉತ್ತರಕ್ಕೆ ಹೊರಟ ಕಾಡುಬಾತುಗಳ ಸಾಲು, ಮೇಲ್ಮಣ್ಣು ಒಣಗಿ ಪುಡಿಪುಡಿ. ಇಂಥ ದಿನ ಸುಮ್ಮನೆ ಕೂರು ಎಂದರೆ ಆರ್ವಿಡ್‌ನಂಥವನು ಹೇಗೆ ಕೂತಾನು?

ಆದರೂ ಕೂರುತ್ತಿದ್ದನೋ ಏನೋ. ರೈತರು ಹರಟೆಗೆ ಸೇರುವ ಕಾಳಿನ ಗೋದಾಮಿನ ಕಾಫಿ ಮೇಜಿನ ಬಳಿ ಪಕ್ಕದ ಹೊಲದ ಎಲ್ಡನ್ ಬ್ರಾಟ್ಲಿ ಬಾಯಿ ಬಿಟ್ಟದ್ದೇ ತಪ್ಪಾಯಿತು.

"ಏನಪ್ಪಾ ಆರ್ವಿಡ್, ಕೈ ತುರಿಸ್ತಿದೆಯಾ? ಈ ಸಲ ಹೆಂಡ್ತಿ ಕಟ್ಟಿಹಾಕಿದಾಳಂತೆ? ಹಾಗಿದ್ರೆ ನಾಳೆ ನಾನೇ ಓಟ್ಸ್ ಹಾಕ್ತೀನಿ ಬಿಡು."

"ಹಾಕ್ಕೋ ಹೋಗೋ. ಮಣ್ಣು ಇನ್ನೂ ಹಸಿಯಿದೆ, ಮೊಳಕೇನೂ ಬರಲ್ಲ," ಎಂದ ಆರ್ವಿಡ್. ಬಾಯಲ್ಲಿ ಹಾಗೆಂದನೇ ಹೊರತು, ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದ.

ಎರಡು ಗಂಟೆಗೆ ಲವರ್ನ್ ಶನಿವಾರದ ಕೇಕಿಗೆ ಸಕ್ಕರೆಯ ಲೇಪ ಹಚ್ಚುತ್ತಿದ್ದಳು. ಆರ್ವಿಡ್ "ಟ್ರ್ಯಾಕ್ಟರಿಗೆ ಎಣ್ಣೆ ಬಿಟ್ಟು ಬರ್ತೀನಿ" ಎಂದು ಹೊರಬಿದ್ದ. ಕೊಟ್ಟಿಗೆಯ ಹಿಂದೆ ಹಲಗೆ ಬಿಚ್ಚಿ, ಅದರ ಮೇಲೆ ಟಾರ್ಪಾಲು ಎಳೆದು, ಬಿತ್ತುವ ಯಂತ್ರ ಕಟ್ಟಿದ. ಅಡುಗೆಮನೆಯ ಕಿಟಕಿಗೆ ಕಾಣದಂತೆ ಮರಗಳ ಆಚೆಗಿನ ಹೊಲಕ್ಕೆ ಇಳಿದು, ಆರು ಸುತ್ತು ಓಟ್ಸ್ ಬಿತ್ತಿದ. ಮನೆಗೆ ಬಂದು ಮಾಂಸ, ಆಲೂಗಡ್ಡೆ ಬೆರೆಸಿ ಬೇಯಿಸಿದ ಹಾಟ್‌ಡಿಶ್ ಎರಡು ತಟ್ಟೆ ತಿಂದು, ಯಾವತ್ತೂ ಇಲ್ಲದವನು ತಟ್ಟೆಯನ್ನೂ ತೊಳೆದಿಟ್ಟ. ತಟ್ಟೆ ತೊಳೆದರೇ ಅನುಮಾನ ಬರುತ್ತದೆ ಎಂದು ಕಳ್ಳನಿಗೆ ಅಷ್ಟೂ ತಿಳಿಯಲಿಲ್ಲ. ಲವರ್ನ್ ಆ ತಟ್ಟೆ ಒರೆಸಿ ಕಪಾಟಿನಲ್ಲಿಟ್ಟಳು.

ಶುಕ್ರವಾರ ಮಧ್ಯಾಹ್ನ ಗಾಳಿ ತಿರುಗಿತು. ಶನಿವಾರ ಬೆಳಿಗ್ಗೆ ಬಾಗಿಲು ತೆರೆದರೆ ಹದಿಮೂರು ಅಂಗುಲ ಹಿಮ. ರಸ್ತೆಯೂ ಇಲ್ಲ, ಚರಂಡಿಯೂ ಇಲ್ಲ. ಎಲ್ಲ ಒಂದೇ ಬಿಳುಪು.

ಆರ್ವಿಡ್ ತಿಂಡಿಯನ್ನೂ ತಿನ್ನದೆ ಕೊಟ್ಟಿಗೆಗೆ ಓಡಿದ. ಬಿತ್ತುವ ಯಂತ್ರ ಬಿಚ್ಚಿ ಹಲಗೆ ಕಟ್ಟೋಣವೆಂದರೆ ಕೊಂಡಿಯ ಗೂಟಗಳು ಹೆಪ್ಪುಗಟ್ಟಿ ಕದಲಲೊಲ್ಲವು. ಸುತ್ತಿಗೆಯಿಂದ ಬಡಿದ, ಬಿಸಿನೀರು ಸುರಿದ, ಪಾದ್ರಿ ಕೇಳಬಾರದ ಮಾತುಗಳನ್ನು ಆಡಿದ. ಒಂದು ಗಂಟೆಗೆ ಚರ್ಚಿನಲ್ಲಿ ಊಟ, ಚರ್ಚು ನಾಲ್ಕು ಮೈಲಿ. ಎರಡನೇ ಸಲವೂ ಅವಳನ್ನು ಖಾಲಿ ಬೆಂಚುಗಳ ಎದುರು ನಿಲ್ಲಿಸಿದೆನಲ್ಲ ಎಂದು ಅವನಿಗೆ ಅಳು ಬಂತು. ಕೊಟ್ಟಿಗೆಯಲ್ಲಿ ಯಾರೂ ಇರಲಿಲ್ಲವಾದ್ದರಿಂದ ಸ್ವಲ್ಪ ಅತ್ತ.

ಹನ್ನೆರಡೂವರೆಗೆ, ಕೊನೆಯ ಗೂಟ ಇನ್ನೂ ಹಟ ಹಿಡಿದಿರುವಾಗಲೇ, ಹೊರಗೆ ಎಂಜಿನ್ ಸದ್ದು ಕೇಳಿತು. ಎಲ್ಡನ್ ಅಂಗಳದ ಹಿಮ ಬಳಿಯುತ್ತ ಬರುತ್ತಿದ್ದ. ಅವನ ಹಿಂದೆ ದೊಡ್ಡರಸ್ತೆಯ ತನಕ ದಾರಿ ಚೊಕ್ಕಟವಾಗಿ ತೆರೆದಿತ್ತು.

"ನಿನ್ನ ಹಲಗೆ ಇನ್ನೂ ಇದೆಯಾ? ನಿನ್ನೆನೇ ಓಟ್ಸ್ ಹಾಕ್ತೀನಿ ಅಂದಿದ್ದೆಯಲ್ಲೋ!" ಎಂದ ಆರ್ವಿಡ್.

"ಹಾಕೋನೇ ಇದ್ದೆ ಮಾರಾಯಾ. ಗುರುವಾರ ಮೂರು ಗಂಟೆಗೆ ಲವರ್ನ್ ಫೋನ್ ಮಾಡಿದ್ಲು. 'ನಮ್ಮೋನು ಹಲಗೆ ಬಿಚ್ಚಿದಾನೆ, ಇನ್ನು ಯಾರೂ ಬಿಚ್ಚಬೇಡಿ' ಅಂದ್ಲು. ಹದಿನಾಲ್ಕು ಮನೆಗೆ ಹೇಳಿದಾಳೆ. ಬೆಳಗಿಂದ ಹದಿನಾಲ್ಕು ಟ್ರ್ಯಾಕ್ಟರ್ ರಸ್ತೆ ಬಳೀತಿವೆ. ಚರ್ಚು ತುಂಬೋಯ್ತು, ಕುರ್ಚಿ ಸಾಲದೆ ನಿಂತಿದಾರೆ. ನೀವಿಬ್ಬರು ಬರೋದೊಂದೇ ಬಾಕಿ."

ಲವರ್ನ್ ನೀಲಿ ಉಡುಪಿನ ಮೇಲೆ ದಪ್ಪ ಕೋಟು ತೊಟ್ಟು, ಕೇಕಿನ ಡಬ್ಬಿ ಹಿಡಿದು ಮೆಟ್ಟಿಲ ಮೇಲೆ ಬಂದು ನಿಂತಿದ್ದಳು. ಆರ್ವಿಡ್ ಎಣ್ಣೆ ಮೆತ್ತಿದ ಕೈಯನ್ನು ಬೆನ್ನ ಹಿಂದೆ ಅಡಗಿಸಿಕೊಂಡ.

"ಗೊತ್ತಿದ್ದೂ ಯಾಕೆ ತಡೀಲಿಲ್ಲ?"

"ಟ್ರ್ಯಾಕ್ಟರ್ ಸದ್ದು ಕೇಳಿ ತಡೆಯೋಣ ಅಂತ ಮರಗಳ ತನಕ ಬಂದಿದ್ದೆ. ನೀನು ಟ್ರ್ಯಾಕ್ಟರ್ ನಿಲ್ಲಿಸಿ ಬಿತ್ತಿದ ಮಣ್ಣನ್ನ ನೋಡ್ತಿದ್ದೆ. ಐವತ್ತು ವರ್ಷದಲ್ಲಿ ನನ್ನ ಕಡೆ ಒಂದ್ಸಲನೂ ಹಾಗೆ ನೋಡಿಲ್ಲ ನೀನು. ಬೈಯೋಕೆ ಮನಸ್ಸಾಗಲಿಲ್ಲ, ಹೋಗಿ ಫೋನ್ ಮಾಡಿದೆ."

ಆರ್ವಿಡ್ ಹೆಂಡತಿಯನ್ನು ನೋಡಿದ. ಎಲ್ಡನ್ ಮುಖ ಆಚೆ ತಿರುಗಿಸಿಕೊಂಡು ಎಂಜಿನ್ ಆರಿಸಿದ.

"ಸಾಕು ಬಿಡು," ಎಂದಳು ಲವರ್ನ್ ಬಹಳ ಹೊತ್ತಿನ ಮೇಲೆ, ಕೋಟಿನ ತೋಳಿನಿಂದ ಕಣ್ಣೊರೆಸಿಕೊಳ್ಳುತ್ತ. "ಅಷ್ಟೊಂದು ಜನ ಕಾಯ್ತಿದಾರೆ."