ಪೆನ್ನಿನ ಫೋನು, ನಲವತ್ತು ಸೆಂಟು ಮಳೆ

ತೋಟದ ಗುಂಡಿಗೆ ಬಿದ್ದು ಹಳೆಯ ಫೋನಿನ ಅರ್ಧ ಪರದೆ ಕುರುಡಾದ ಮೇಲೆ, ಹೊಸದನ್ನು ಆರಿಸಲು ನಾನು ತೆಗೆದುಕೊಂಡದ್ದು ಮೂರು ತಿಂಗಳು. ಹಿಂದೆ ಅಷ್ಟೇ ಸಮಯದಲ್ಲಿ ನಮ್ಮ ಅಕ್ಕನಿಗೆ ಗಂಡು ನೋಡಿ, ಮಾತು ಮುಗಿಸಿ, ಮದುವೆಯನ್ನೂ ಮಾಡಿಬಿಟ್ಟಿದ್ದರು. ನನ್ನ ಎದುರಿಗಿದ್ದದ್ದು ಎರಡೇ ಆಯ್ಕೆ. ಒಂದು, ಎಲ್ಲರ ಜೇಬಿನಲ್ಲಿರುವಂಥ ಸಾಧಾರಣ ಫೋನು. ಇನ್ನೊಂದು ಅಂಗೈಗಿಂತ ದೊಡ್ಡದು, ಹೊಟ್ಟೆಯೊಳಗೆ ಪೆನ್ನು ಇಟ್ಟುಕೊಂಡದ್ದು. ಆ ಪೆನ್ನು ಎಳೆದು ಪರದೆಯ ಮೇಲೆ ಕೈಯಲ್ಲೇ ಬರೆಯಬಹುದು.

ಈ ಹುಚ್ಚು ಹತ್ತಿಸಿದ್ದು ಅದೇ ಅಕ್ಕನ ಗಂಡ. ಬಾವ ಕಕ್ಕಬೆಯಲ್ಲಿ ಹೋಮ್‌ಸ್ಟೇ ನಡೆಸುತ್ತಾರೆ. ಬೆಟ್ಟ ಹತ್ತಲು ಬಂದವರಿಗೆ ಫೋಟೋದ ಮೇಲೆ ಪೆನ್ನಿನಿಂದ ದಾರಿ ಗೀಚಿ, ‘ಇಲ್ಲಿ ಜಿಗಣೆ ಜಾಸ್ತಿ’ ಎಂದು ಬರೆದು, ಅಡಿಗೆರೆಯನ್ನೂ ಎಳೆದು ಕಳಿಸುತ್ತಾರೆ. ಆ ಅಡಿಗೆರೆ ನೋಡಿಯೇ ನನ್ನ ಹೊಟ್ಟೆ ಉರಿದದ್ದು.

ಹೊಟ್ಟೆಕಿಚ್ಚಿಗೆ ಫೋನು ಕೊಳ್ಳುತ್ತೇನೆ ಎಂದು ಮನೆಯಲ್ಲಿ ಹೇಳಲಾಗುತ್ತದೆಯೇ? ಒಂದು ಘನವಾದ ಕಾರಣ ಬೇಕಿತ್ತು. ಹುಡುಕಿದಾಗ ಮಳೆ ಪುಸ್ತಕ ಸಿಕ್ಕಿತು.

ನಮ್ಮ ಕಡೆ ಕಾಫಿ ತೋಟದವರ ಅಂಗಳದಲ್ಲಿ ತುಳಸಿಕಟ್ಟೆ ಇರದಿದ್ದರೂ ರೈನ್‌ಗೇಜು ಇರುತ್ತದೆ. ಮೇಲೆ ಆಲಿಕೆಯ ಬಾಯಿ, ಒಳಗೊಂದು ಬಾಟಲಿ. ರಾತ್ರಿಯೆಲ್ಲ ಹೊಯ್ದ ಮಳೆ ಅದರೊಳಗೆ ಇಳಿದಿರುತ್ತದೆ. ಬೆಳಿಗ್ಗೆ ಅದನ್ನು ಗೆರೆ ಹಾಕಿದ ಗಾಜಿಗೆ ಸುರಿದು ಅಳೆಯಬೇಕು. ನೂರು ಸೆಂಟಿಗೆ ಒಂದು ಇಂಚು. ದಾರಿಯಲ್ಲಿ ಯಾರು ಸಿಕ್ಕರೂ ‘ಚೆನ್ನಾಗಿದ್ದೀರಾ’ ಎಂಬುದಕ್ಕಿಂತ ಮೊದಲು ಬರುವ ಪ್ರಶ್ನೆ ‘ನಿಮಗೆಷ್ಟು ಸೆಂಟು?’ ಅಪ್ಪ ಮೊದಲು ತೋಟಕ್ಕಿಳಿದ ವರ್ಷದಿಂದ ಸಾಯುವವರೆಗೆ ಒಂದು ದಿನವೂ ತಪ್ಪದೆ ಈ ಲೆಕ್ಕ ಬರೆದಿಟ್ಟಿದ್ದರು. ಮುತ್ತು ಪೋಣಿಸಿದಂಥ ಅಕ್ಷರ. ನಾನು ಹುಟ್ಟಿದ ದಿನದ ಸಾಲಿನಲ್ಲಿ ‘ಮೂರು ಇಂಚು ಹತ್ತು ಸೆಂಟು’ ಎಂದಿದೆ. ನನ್ನ ವಿಷಯ ಏನೂ ಇಲ್ಲ.

ಎರಡು ವರ್ಷದ ಹಿಂದೆ ಅಪ್ಪ ತೀರಿಕೊಂಡ ಮೇಲೆ ಪುಸ್ತಕ ನನ್ನ ಕೈಗೆ ಬಂತು. ನನ್ನದು ಕಾಗೆಕಾಲು ಗುಬ್ಬಿಕಾಲು ಬರಹ. ಅದು ಹೋಗಲಿ, ಇನ್ನೂ ದೊಡ್ಡ ಗುಟ್ಟು ಬೇರೆಯೇ ಇತ್ತು. ಮೊದಲ ವಾರದಲ್ಲೇ ಒಂದು ಬೆಳಿಗ್ಗೆ, ರಾತ್ರಿಯಿಡೀ ಧೋ ಎಂದು ಸುರಿದಿದ್ದರೂ, ಎಂಟು ಗಂಟೆಗೆ ಎದ್ದು ಹೋಗಿ ನೋಡಿದರೆ ಬಾಟಲಿಯಲ್ಲಿ ಒಂದು ಹನಿ ನೀರಿಲ್ಲ. ಮಾರನೇ ದಿನವೂ ಅಷ್ಟೆ. ರೈನ್‌ಗೇಜು ಸೋರುತ್ತಿದೆ ಎಂದು ತೀರ್ಮಾನಿಸಿದೆ. ಅಪ್ಪನ ಕಾಲದಲ್ಲಿ ಸೋರದೆ ಇದ್ದದ್ದು ನನ್ನ ಕೈಗೆ ಬಂದ ವಾರಕ್ಕೇ ಸೋರಿತೆಂದರೆ ಯಾರು ನಂಬುತ್ತಾರೆ? ಯಾರಿಗೂ ಹೇಳಲಿಲ್ಲ. ಅಂದಿನಿಂದ ಹಾಸಿಗೆಯಲ್ಲಿ ಮಲಗಿಯೇ ಹಿತ್ತಲ ತಗಡಿನ ಸದ್ದು ಕೇಳಿ ಮಳೆ ಅಳೆಯುವ ವಿದ್ಯೆ ರೂಢಿಸಿಕೊಂಡೆ. ಪಟಪಟ ಅಂದರೆ ಮೂವತ್ತು ಸೆಂಟು. ಹೆಂಡತಿ ಹೇಳಿದ್ದು ಕೇಳಿಸದಿದ್ದರೆ ಎರಡು ಇಂಚು.

ದಿನಾ ಕಾಫಿ ಕೊಡುವಾಗ ಅವ್ವ ಕೇಳುತ್ತಿದ್ದಳು. “ಇವತ್ತೆಷ್ಟ್ಲಾ ಮಗ?”

“ಎಪ್ಪತ್ತು ಸೆಂಟು ಅವ್ವ.”

“ಹೂಂ,” ಎಂದು ಒಳಗೆ ಹೋಗುತ್ತಿದ್ದಳು.

ಆ ‘ಹೂಂ’ ನನಗೆ ಚುಚ್ಚುತ್ತಿತ್ತು. ಅಪ್ಪನ ಪುಸ್ತಕದಲ್ಲಿ ಸುಳ್ಳು ಬರೆಯುತ್ತಿದ್ದೇನೆ ಎಂಬ ಅಳುಕು ಇದ್ದೇ ಇತ್ತು. ಪೆನ್ನಿನ ಫೋನು ಬಂದರೆ ಎಲ್ಲ ಸರಿಹೋಗುತ್ತದೆ, ಹೊಸ ರೈನ್‌ಗೇಜು ತಂದು ಹೊಸದಾಗಿ ಶುರು ಮಾಡಿ ದಿನಾ ಶಿಸ್ತಾಗಿ ಬರೆಯುತ್ತೇನೆ ಎಂದು ನನಗೆ ನಾನೇ ಹೇಳಿಕೊಂಡೆ. ಹೆಂಡತಿಗೂ ಹೇಳಿದೆ, ಸೋರುವ ವಿಷಯ ಬಿಟ್ಟು.

“ಕುಣೀಲಾರದೋಳು ನೆಲ ಡೊಂಕು ಅಂದ್ಲಂತೆ,” ಎಂದಳು. “ಕಿವಿ ಮೇಲೆ ಪೆನ್ ಸಿಗಿಸ್ಕಂಡು ಮನೆಯೆಲ್ಲಾ ಪೆನ್ ಹುಡುಕೋರು ನೀವು. ಆ ಫೋನಿನ ಪೆನ್ ಎಷ್ಟು ದಿನ ಉಳಿತದೆ? ಅಷ್ಟು ದೊಡ್ಡದು ಜೇಬಲ್ಲಾದ್ರೂ ನಿಲ್ತದಾ?”

ನಿಲ್ಲುತ್ತದೋ ಇಲ್ಲವೋ ಪರೀಕ್ಷಿಸಲು ಅದೇ ಅಳತೆಗೆ ಒಂದು ರಟ್ಟು ಕತ್ತರಿಸಿ ವಾರವಿಡೀ ಜೇಬಿನಲ್ಲಿಟ್ಟುಕೊಂಡು ತೋಟ ತಿರುಗಿದೆ. ಬಗ್ಗಿದಾಗಲೆಲ್ಲ ಬಿತ್ತು. ಆದರೂ ಅದನ್ನು ಕೈಯಲ್ಲಿ ಹಿಡಿದರೆ ಏನೋ ಗತ್ತು. ಒಂದು ದಿನ ರಟ್ಟನ್ನು ಕಿವಿಗಿಟ್ಟುಕೊಂಡು ಕನ್ನಡಿ ನೋಡುತ್ತಿದ್ದಾಗ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. “ಮಾತು ಮುಗಿದ್ರೆ ಊಟಕ್ಕೆ ಬನ್ನಿ,” ಎಂದಷ್ಟೇ ಹೇಳಿ ಹೋದಳು.

ಅಷ್ಟರಲ್ಲಿ ಹೂಮಳೆಯ ಕಾಲ ಬಂತು. ಬೇಸಿಗೆಯ ಮೊದಲ ಆ ಮಳೆಗಾಗಿ ಕಾಫಿ ಮೊಗ್ಗು ಕಾಯುತ್ತಿರುತ್ತದೆ. ಇಂಚಿನ ಆಸುಪಾಸು ಬಿದ್ದರೆ ತೋಟವೆಲ್ಲ ಹೂವು. ಕಡಿಮೆಯಾದರೆ ಮೊಗ್ಗು ಅರೆಬರೆ ಬಿರಿದು ಕೆಡುತ್ತದೆ, ತಡಮಾಡದೆ ಸ್ಪ್ರಿಂಕ್ಲರ್ ಹಾಕಿ ಉಳಿದದ್ದನ್ನು ತುಂಬಿಸಬೇಕು. ಮುಂಗಾರಿನಲ್ಲಿ ನನ್ನ ಅಂದಾಜು ಹತ್ತು ಸೆಂಟು ಆಚೀಚೆಯಾದರೆ ಯಾರ ಗಂಟೂ ಹೋಗುವುದಿಲ್ಲ. ಹೂಮಳೆಯಲ್ಲಿ ತಪ್ಪಿದರೆ ವರ್ಷದ ಫಸಲೇ ಹೋಗುತ್ತದೆ. ಇದು ನನಗೆ ಗೊತ್ತಿರಲಿಲ್ಲ ಎಂದು ಹೇಳಿಕೊಳ್ಳಲೂ ದಾರಿಯಿಲ್ಲ.

ಆ ದಿನ ಮಧ್ಯಾಹ್ನ ನಾನು ಸೋಮವಾರಪೇಟೆಯ ಫೋನ್ ಅಂಗಡಿಯಲ್ಲಿದ್ದೆ. ನಾಲ್ಕನೇ ಭೇಟಿ. ಅಂಗಡಿಯವನು ನಗದೆ ಎರಡೂ ಫೋನುಗಳನ್ನು ಮತ್ತೆ ಎದುರಿಗಿಟ್ಟ. “ಏನಾದ್ರೂ ಬರ್ದು ನೋಡಿ ಸಾರ್,” ಎಂದು ಪೆನ್ನು ಕೈಗಿತ್ತ. ದಿನಾಂಕ ಬರೆದೆ. ಅಷ್ಟು ದುಬಾರಿ ಪರದೆಯ ಮೇಲೂ ಅದೇ ಕಾಗೆಕಾಲು. ಮುಂದೇನು ಬರೆಯುವುದೆಂದು ಯೋಚಿಸುವಾಗ ಅಂಗಡಿಯ ತಗಡಿನ ಮಾಡಿನ ಮೇಲೆ ಮಳೆ ಬಿತ್ತು. ಹೂಮಳೆ! ಬೀದಿಯವರೆಲ್ಲ ಹೊರಗೆ ಬಂದು ಕೈ ಚಾಚಿದರು. ನಾನು ಕಣ್ಣು ಮುಚ್ಚಿ, ಸಂಗೀತ ಬಲ್ಲವನ ಹಾಗೆ ತಲೆಯಾಡಿಸುತ್ತ ಕೇಳಿ, “ಒಂದು ಇಂಚು ಇಪ್ಪತ್ತೈದು ಸೆಂಟು,” ಎಂದು ಘೋಷಿಸಿದೆ. ಪರದೆಯ ಮೇಲೂ ಅದನ್ನೇ ಬರೆದೆ. ಸಾಲದ್ದಕ್ಕೆ ಹಳೆಯ ಫೋನಿನಿಂದ ನೆಂಟರ ಗುಂಪಿಗೆ, ನಮ್ಮ ತೋಟಕ್ಕೆ ಇಷ್ಟು ಮಳೆ ಎಂದು ಕಳಿಸಿಯೂ ಬಿಟ್ಟೆ. ತೋಟ ಅಲ್ಲಿಂದ ಏಳು ಕಿಲೋಮೀಟರ್ ದೂರ.

ಹರ್ಷ ತಡೆಯಲಾರದೆ, ಎರಡು ಫೋನನ್ನೂ ಅಲ್ಲೇ ಬಿಟ್ಟು ಬೈಕ್ ಹತ್ತಿದೆ. ಅರ್ಧ ದಾರಿ ದಾಟಿದ ಮೇಲೆ ರಸ್ತೆ ಅಲ್ಲಲ್ಲಿ ಒಣಗಿಕೊಂಡಿತ್ತು. ಬೈಕಿನ ವೇಗ ಹೆಚ್ಚಿಸಿದೆ.

ಅಂಗಳಕ್ಕೆ ಬಂದಾಗ ಅವ್ವ ರೈನ್‌ಗೇಜಿನ ಹತ್ತಿರ ನಿಂತಿದ್ದಳು. ಮಡಚಿದ ಕೊಡೆ ಕಂಕುಳಲ್ಲಿ. ಬಾಟಲಿಯ ನೀರನ್ನು ಗಾಜಿಗೆ ಸುರಿದು, ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿದಳು. ನಂತರ ನೀರನ್ನು ದಾಸವಾಳದ ಬುಡಕ್ಕೆ ಚೆಲ್ಲಿ, ಬಾಟಲಿಯನ್ನು ಸೆರಗಿನಿಂದ ಒರೆಸಿ ಒಳಗಿಟ್ಟಳು.

ಎರಡು ವರ್ಷದಿಂದ ಸೋರುತ್ತಿದ್ದ ರೈನ್‌ಗೇಜು ಆ ಗಳಿಗೆಯಲ್ಲಿ ರಿಪೇರಿಯಾಯಿತು.

“ಅವ್ವ, ನೀನು ದಿನಾ...”

“ಆರು ಗಂಟೆಗೆ. ಮದ್ವೆ ಆಗಿ ಬಂದಾಗಿಂದ್ಲೂ ನಾನೇ ಅಳೆಯೋದು. ನಿಮ್ಮಪ್ಪ ಎದ್ದು ಕಾಫಿ ಕುಡಿಯೋವಾಗ ಹೇಳ್ತಿದ್ದೆ, ಅವರು ಬರಕೊಳ್ಳೋರು.”

“ನಾನು ಹುಟ್ಟಿದ ದಿನ?”

“ಅವತ್ತೂ ಅಳೆದೇ ಆಸ್ಪತ್ರೆಗೆ ಹೋಗಿದ್ದು. ಮೂರು ಹತ್ತು,” ಎಂದಳು, ಪುಸ್ತಕ ನೋಡದೆ.

ಅಪ್ಪನ ಅಕ್ಷರ ನೋಡಿ ನೋಡಿ, ಮಳೆ ಪುಸ್ತಕವೆಂದರೆ ಪೆನ್ನಿನ ವಿಷಯ ಎಂದುಕೊಂಡಿದ್ದೆ. ಮೂರು ತಿಂಗಳು ಆ ಪೆನ್ನನ್ನೇ ಆರಿಸುತ್ತಿದ್ದೆ. “ಮತ್ತೆ ನನ್ನ ಯಾಕೆ ದಿನಾ ಕೇಳ್ತಿದ್ದೆ?” ಎಂದೆ.

“ನೀನ್ ಹೇಳೋದು ಒಂದಿನಾನೂ ತಾಳೆ ಆಗ್ತಿರ್ಲಿಲ್ಲ. ನಾಚ್ಕೆ ಆಗಿ ಒಂದಿನ ಆದ್ರೂ ಎದ್ದು ಬರ್ತೀಯ ಅಂತ ಕೇಳ್ತಿದ್ದೆ.” ಬೈಗುಳವೇನೂ ಇರಲಿಲ್ಲ ಆ ಮಾತಿನಲ್ಲಿ. ಅದಕ್ಕೇ ಹೆಚ್ಚು ನೋವಾಯಿತು. ಎರಡು ವರ್ಷ ಒಬ್ಬಳೇ ಚಳಿಯಲ್ಲಿ ಎದ್ದು ಅಳೆದು, ಹೇಳಲು ಯಾರೂ ಇಲ್ಲದೆ ಸುಮ್ಮನಿದ್ದಳು.

“ಇವತ್ತೆಷ್ಟು?” ಈ ಸಲ ಕೇಳಿದ್ದು ನಾನು.

“ನಲವತ್ತೇ. ಸಾಲದು. ಪಂಪ್ ಇಡು ಹೋಗು.”

ಇಟ್ಟೆ. ನನ್ನ ಒಂದೂಕಾಲು ಇಂಚನ್ನು ನಂಬಿ ಕುಳಿತಿದ್ದರೆ ಮೊಗ್ಗೆಲ್ಲ ಕರಟಿಹೋಗುತ್ತಿತ್ತು. ನೆಂಟರ ಗುಂಪಿನಲ್ಲಿ ‘ತಪ್ಪಾಗಿದೆ, ನಲವತ್ತು ಸೆಂಟು’ ಎಂದು ತಿದ್ದಿದೆ. ಬಾವನ ಉತ್ತರ ಕೂಡಲೇ ಬಂತು. ‘ಅದು ಮಳೆ ಅಲ್ಲ ಮಾರಾಯ, ಇಬ್ಬನಿ.’ ಪೆನ್ನಿನಲ್ಲೇ ಬರೆದಿದ್ದರು, ಅಡಿಗೆರೆ ಸಮೇತ.

ಅವ್ವನಿಗೆ ಅಕ್ಷರ ಅಷ್ಟಕ್ಕಷ್ಟೆ, ಅಂಕಿ ಚೆನ್ನಾಗಿ ಬರುತ್ತದೆ. ಅಡುಗೆಮನೆಯ ಬಾಗಿಲ ಹಿಂದೆ ಒಂದರ ಮೇಲೊಂದು ತೂಗುಹಾಕಿದ ಕ್ಯಾಲೆಂಡರುಗಳಲ್ಲಿ ಸೀಸದಕಡ್ಡಿಯ ಅಂಕಿಗಳನ್ನು ನಾನು ಎಷ್ಟೋ ಸಲ ನೋಡಿದ್ದೆ. ಹಾಲಿನ ಲೆಕ್ಕ ಎಂದುಕೊಂಡಿದ್ದೆ. ಎರಡು ವರ್ಷದ ಮಳೆಯೆಲ್ಲ ಅಲ್ಲಿತ್ತು. ನನ್ನ ಸುಳ್ಳುಗಳನ್ನು ಒಂದೊಂದಾಗಿ ಹೊಡೆದುಹಾಕಿ ಪಕ್ಕದಲ್ಲಿ ಅವ್ವನ ಅಂಕಿ ಬರೆಯಲು ನಾಲ್ಕು ಸಂಜೆ ಹಿಡಿಯಿತು. ಆಮೇಲೆ ಹೋಗಿ ಸಾಧಾರಣ ಫೋನನ್ನೇ ತಂದೆ. ಬಗ್ಗಿದರೆ ಅದೂ ಬೀಳುತ್ತದೆ.

ಆದರೆ ಅದಕ್ಕೆ ಮೊದಲು, ಹೂಮಳೆಯ ಮಾರನೇ ದಿನ, ಆರು ಗಂಟೆಗೆ ಎದ್ದು ಅಂಗಳಕ್ಕೆ ಹೋಗಿದ್ದೆ. ಅವ್ವ ಗಾಜನ್ನು ನನ್ನ ಕೈಗಿಟ್ಟಳು. ಬಾಟಲಿ ತೆಗೆದು ಬಗ್ಗಿಸಿದೆ. ಹಿಂದಿನ ರಾತ್ರಿ ಮಳೆ ಬಂದಿರಲಿಲ್ಲ.

“ಎಷ್ಟ್ಲಾ ಮಗ?”

“ಏನೂ ಇಲ್ಲ ಅವ್ವ.”

“ಹಂಗಂತ ಬರಿ.”

ಕಿವಿಯ ಮೇಲಿದ್ದ ಪೆನ್ನು ತೆಗೆದು ಮಳೆ ಪುಸ್ತಕದಲ್ಲಿ ಒಂದು ಸೊನ್ನೆ ಬರೆದೆ. ಎರಡು ವರ್ಷದಲ್ಲಿ ನಾನೇ ನೋಡಿ ಬರೆದ ಮೊದಲ ಅಳತೆ ಅದು.