ಫ್ರೇಮ್‌ವರ್ಕ್ ಆರಿಸಲು ಹೋಗಿ ಬೆನ್ಸನ್ ಟೌನ್‌ನಲ್ಲಿ ಕುತ್ತಿಗೆ ಕೊಟ್ಟದ್ದು

ಇಮ್ರಾನ್ ಕಟ್ಟಿದ್ದ ಕ್ಯಾಲೆಂಡರ್ ಲ್ಯಾಪ್‌ಟಾಪ್ ಪರದೆಯ ಮೇಲೆ ದಾಸವಾಳದ ಹಾಗೆ ಅರಳಿ, ಒಂದು ಸುತ್ತು ತಿರುಗಿ ನಿಂತಿತು. ನಾವು ಮೂವರೂ ಕ್ಲೈಂಟ್ ಮುಖ ನೋಡಿದೆವು.

ಕ್ಲೈಂಟ್ ಕಿಟಕಿಯ ಕಡೆ ಮುಖ ಮಾಡಿಕೊಂಡು ನಗುತ್ತಿದ್ದರು. "ಶುರು ಮಾಡಿ, ನಾನು ರೆಡಿ," ಎಂದರು.

"ಆಗ್ಲೇ ಶುರುವಾಗಿದೆ ಮೇಡಂ," ಎಂದ ಇಮ್ರಾನ್, ಸಣ್ಣ ದನಿಯಲ್ಲಿ.

ಅವರಿಗೆ ಕಣ್ಣು ಕಾಣುವುದಿಲ್ಲ ಎಂಬುದು ನಮಗೆ ತಿಳಿದದ್ದು ಹೀಗೆ.

ಸ್ವಲ್ಪ ಹಿಂದೆ ಹೋಗುತ್ತೇನೆ...

ದೊಮ್ಮಲೂರಿನಲ್ಲಿ ನಮ್ಮದು ವೆಬ್‌ಸೈಟ್ ಮಾಡಿಕೊಡುವ ಪುಟ್ಟ ಕಂಪನಿ. ಮುಂದಿನ ಪ್ರಾಜೆಕ್ಟುಗಳಿಗೆಲ್ಲ ಯಾವ ಫ್ರಂಟೆಂಡ್ ಫ್ರೇಮ್‌ವರ್ಕ್ ಬಳಸಬೇಕು, ಅಂದರೆ ಸೈಟಿನ ಕಣ್ಣಿಗೆ ಕಾಣುವ ಭಾಗವನ್ನು ಯಾವ ಸಲಕರಣೆಯಿಂದ ಕಟ್ಟಬೇಕು ಎಂದು ಟೀಮಿನಲ್ಲಿ ಮಹಾಯುದ್ಧ ನಡೆದಿತ್ತು.

ಹಲಸೂರಿನ ಸೆಲ್ವಿ ಹಳೆಯದರ ಪಕ್ಷ. ಶಿವಾಜಿನಗರದ ಇಮ್ರಾನ್ ಹೊಚ್ಚ ಹೊಸದರ ಪಕ್ಷ. ಅವುಗಳ ಹೆಸರು ಹೇಳುವುದಿಲ್ಲ, ಹೇಳಿದರೆ ಕೆಳಗೆ ಕಾಮೆಂಟಿನಲ್ಲಿ ನೀವೂ ಹೊಡೆದಾಡುತ್ತೀರಿ.

ಜಗಳ ಎಲ್ಲಿಗೆ ಮುಟ್ಟಿತ್ತೆಂದರೆ, ಸೆಲ್ವಿಯ ಡಬ್ಬಿಯ ಪುಳಿಯೋಗರೆ ಇಮ್ರಾನನಿಗೆ ಸಿಗುವುದೇ ನಿಂತುಹೋಗಿತ್ತು.

ನಾನು ಟೀಮ್ ಲೀಡ್. ಬಾಸ್ ನನ್ನನ್ನು ಕರೆದು, "ರೂಪಾ, ಎರಡನ್ನೂ ಸರಿಯಾಗಿ ಇವ್ಯಾಲ್ಯುಯೇಟ್ ಮಾಡಿ ಒಂದನ್ನ ಆರಿಸ್ಬಿಡಿ. ನಂಗೆ ತಲೆನೋವು ಸಾಕಾಗಿದೆ," ಎಂದರು.

ಬೆನ್ಸನ್ ಟೌನ್‌ನ ಒಂದು ಫಿಸಿಯೋಥೆರಪಿ ಕ್ಲಿನಿಕ್‌ಗೆ ಅಪಾಯಿಂಟ್‌ಮೆಂಟ್ ಬುಕ್ ಮಾಡುವ ಪೇಜ್ ಬೇಕಿತ್ತು. ಇಬ್ಬರೂ ಅದನ್ನೇ ತಮ್ಮ ತಮ್ಮ ಫ್ರೇಮ್‌ವರ್ಕಿನಲ್ಲಿ ಕಟ್ಟಲಿ, ಕ್ಲಿನಿಕ್‌ನಲ್ಲೇ ಡೆಮೊ ಕೊಡೋಣ ಎಂದೆ.

ಪೇಜ್ ಎಷ್ಟು ಬೇಗ ತೆರೆಯುತ್ತದೆ, ಕೋಡ್ ಎಷ್ಟು ಚಿಕ್ಕದು, ಹೊಸಬರಿಗೆ ಕಲಿಯಲು ಎಷ್ಟು ಸುಲಭ... ಎಲ್ಲವನ್ನೂ ಅಳೆದಿದ್ದೆ. ಅದನ್ನು ಬಳಸುವವರು ಯಾರು ಎಂದು ಕೇಳುವುದೊಂದೇ ಬಾಕಿ.

ಕ್ಲಿನಿಕ್ ಜೋಸೆಫಿನ್ ಮೇಡಂ ಅವರದು. ಬಾಗಿಲು ತೆರೆದು, ಕುರ್ಚಿ ತೋರಿಸಿ, ಕಾಫಿ ತಂದುಕೊಟ್ಟವರೂ ಅವರೇ. ನಮಗೆ ಸುಳಿವೇ ಸಿಗಲಿಲ್ಲ.

"ನಾನು ಸ್ಕ್ರೀನ್ ರೀಡರ್ ಯೂಸ್ ಮಾಡೋದು ಅಂತ ನಿಮ್ಮ ಬಾಸ್‌ಗೆ ಹೇಳಿದ್ನಲ್ಲ," ಎಂದರು ಮೇಡಂ.

ಸ್ಕ್ರೀನ್ ರೀಡರ್ ಎಂದರೆ ಪರದೆಯ ಮೇಲಿರುವುದನ್ನು ಫೋನೇ ಓದಿ ಹೇಳುವ ಸವಲತ್ತು. ಆಮೇಲೆ ಬಾಸ್‌ರನ್ನು ಕೇಳಿದೆ. ಮೇಡಂ ಇ-ಬುಕ್ ಜಾಸ್ತಿ ಓದುತ್ತಾರೇನೋ ಅಂದುಕೊಂಡಿದ್ದರಂತೆ.

ಲಿಂಕ್ ಕಳಿಸಿದೆವು. ಮೇಡಂ ತಮ್ಮ ಫೋನಿನ ಮೇಲೆ ಬೆರಳಾಡಿಸುತ್ತಾರೆ. ಇಮ್ರಾನನ ದಾಸವಾಳದ ಮೇಲೆ ಬೆರಳು ಬೀಳುತ್ತದೆ. ಫೋನ್ ಹೇಳುತ್ತದೆ, ಬಟನ್. ಪಕ್ಕಕ್ಕೆ ಸರಿದರೆ, ಬಟನ್. ಇಡೀ ತಿಂಗಳೇ ಬಟನ್, ತಾರೀಖು ಮಾತ್ರ ಇಲ್ಲ.

ಸೆಲ್ವಿಯ ತುಟಿಯ ಮೇಲೆ ಒಂದು ನಗು ಬಂತು. ಅದು ಬಾಳಿದ್ದು ಅವಳ ಪೇಜ್ ತೆರೆಯುವ ತನಕ ಮಾತ್ರ. ಅಲ್ಲಿ ಫೋನ್ ಏನನ್ನೂ ಹೇಳಲೇ ಇಲ್ಲ, ಮುನಿಸಿಕೊಂಡ ಅತ್ತೆಯ ಹಾಗೆ ಸುಮ್ಮನಿತ್ತು.

"ನಂದು ಅಟ್‌ಲೀಸ್ಟ್ ಮಾತಾಡ್ತು," ಎಂದ ಇಮ್ರಾನ್.

ಮೇಡಂ ಫೋನನ್ನು ಮೇಜಿನ ಮೇಲಿಟ್ಟರು. ಈಗ ಅವರು ನಗುತ್ತಿರಲಿಲ್ಲ.

"ನೋಡಿ, ನನ್ನ ರಿಸೆಪ್ಷನಿಸ್ಟ್ ಮುಂದಿನ ತಿಂಗಳು ಕೆಲ್ಸ ಬಿಡ್ತಿದಾಳೆ. ಆಮೇಲೆ ಬುಕಿಂಗ್ ಎಲ್ಲ ನಾನೇ ನೋಡ್ಕೋಬೇಕು. ಹಿಂದೆ ಒಬ್ರು ಸೈಟ್ ಮಾಡ್ಕೊಟ್ಟಿದ್ರು, ತುಂಬ ಚೆನ್ನಾಗಿದೆ ಅಂತ ಎಲ್ರೂ ಹೇಳಿದ್ರು. ನನ್ನ ಕ್ಲಿನಿಕ್ ಸೈಟು, ನನಗೊಬ್ಬಳಿಗೇ ಬಳಸೋಕೆ ಆಗ್ತಿರ್ಲಿಲ್ಲ."

ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ.

"ಸ್ವಲ್ಪ ಟೈಮ್ ಕೊಡ್ತೀರಾ ಮೇಡಂ?" ಎಂದಳು ಸೆಲ್ವಿ. ಕೇಳಿದ್ದು ಅವಳು, ಅಷ್ಟರಲ್ಲೇ ಕೋಡ್ ತೆರೆದು ಕೂತಿದ್ದವನು ಇಮ್ರಾನ್.

"ಒಳಗೆ ಪೇಷಂಟ್ ಇದಾರೆ, ಮುಗಿಸ್ಕೊಂಡು ಬರ್ತೀನಿ. ಅಷ್ಟರಲ್ಲಿ ಏನಾಗುತ್ತೋ ಮಾಡಿ."

ವೇಟಿಂಗ್ ಬೆಂಚಿನ ಮೇಲೆ ಇಬ್ಬರೂ ಪಕ್ಕಪಕ್ಕ ಕೂತರು. ನಾನು ನನ್ನ ಫೋನಿನಲ್ಲಿ ಸ್ಕ್ರೀನ್ ರೀಡರ್ ಆನ್ ಮಾಡಿ, ಕಣ್ಣು ಮುಚ್ಚಿ, ಅವರು ಬದಲಿಸಿದ್ದನ್ನೆಲ್ಲ ಪರೀಕ್ಷಿಸುತ್ತಿದ್ದೆ. ಒಮ್ಮೆ ಬುಕಿಂಗ್ ಆಗುವ ಬದಲು ಕೆ.ಆರ್. ಪುರದಲ್ಲಿರುವ ನಮ್ಮಮ್ಮನಿಗೆ ವಿಡಿಯೊ ಕಾಲ್ ಹೋಯಿತು. ಕಣ್ಣು ಮುಚ್ಚಿಕೊಂಡಿದ್ದ ನನ್ನ ಮುಖ ನೋಡಿ ಅವರು ಗಾಬರಿಯಾದರು.

ಅರಳುವ ಕ್ಯಾಲೆಂಡರ್ ಹೋಯಿತು. ಆ ಜಾಗಕ್ಕೆ ಬ್ರೌಸರ್ ತಾನೇ ಕೊಡುವ ಸಾದಾ ದಿನಾಂಕದ ಬಾಕ್ಸ್ ಬಂತು. ಪ್ರತಿ ಬಟನ್‌ಗೂ ತಾನು ಏನು ಎಂದು ಹೇಳಿಕೊಳ್ಳಲು ಒಂದು ಹೆಸರು ಬಂತು.

"ನಿಂದ್ರಲ್ಲಿ ಇದನ್ನ ಹೇಗೆ ಮಾಡ್ದೆ, ತೋರ್ಸು," ಎಂದು ಸೆಲ್ವಿ ಇಮ್ರಾನನನ್ನು ಕೇಳಿದಳು. ನಾನು ಕಣ್ಣು ಬಿಟ್ಟು ನೋಡಿದೆ, ಅವಳೇ.

ಪೇಷಂಟ್‌ರನ್ನು ಕಳಿಸಿ ಬಂದ ಮೇಡಂ ಮತ್ತೆ ಫೋನ್ ತೆಗೆದುಕೊಂಡರು. ಸೆಲ್ವಿಯದು ದಿನಾಂಕ ಹೇಳಿತು, ಸಮಯ ಹೇಳಿತು. ಇಮ್ರಾನನದೂ ಹೇಳಿತು. ಎರಡಕ್ಕೂ ಏನೂ ವ್ಯತ್ಯಾಸವಿರಲಿಲ್ಲ.

ಅಷ್ಟರಲ್ಲಿ ಬೆಂಚಿನಿಂದ ಏಳಲು ಹೋದ ಇಮ್ರಾನ್ "ಅಮ್ಮೀ, ಕುತ್ತಿಗೆ" ಎಂದು ನರಳಿದ. ಮೇಡಂ ಅವನನ್ನು ಹತ್ತಿರ ಕರೆದು ಕುತ್ತಿಗೆಯ ಹಿಂದೆ ಹೆಬ್ಬೆರಳು ಒತ್ತಿದರು. ಅವನು ಮತ್ತೆ ನರಳಿದ, ಈ ಸಲ ಬೇರೆ ಸ್ವರದಲ್ಲಿ.

"ಕಲ್ಲಾಗಿದೆ ಇದು. ನಾಳೆ ಬೆಳಿಗ್ಗೆ ಬನ್ನಿ," ಎಂದವರು ಅವನ ಉತ್ತರಕ್ಕೆ ಕಾಯದೆ ತಾವೇ ಬುಕ್ ಮಾಡಿದರು. ಅಪಾಯಿಂಟ್‌ಮೆಂಟ್ ಕನ್ಫರ್ಮ್ಡ್, ಎಂದಿತು ಫೋನ್.

ಮೇಡಂ ಬೆರಳಿಟ್ಟು ಅದನ್ನು ಇನ್ನೊಮ್ಮೆ ಹೇಳಿಸಿ ಕೇಳಿದರು. ಆಮೇಲೆ ಮತ್ತೊಮ್ಮೆ.

ಕೊನೆಗೆ ನಾನು ಆರಿಸಿದ್ದು ಹಳೆಯ ಫ್ರೇಮ್‌ವರ್ಕನ್ನೇ. ಅದರ ತಪ್ಪುಗಳೆಲ್ಲ ನಮಗೆ ಆಗಲೇ ಪರಿಚಯ, ಹೊಸದರ ತಪ್ಪುಗಳನ್ನು ಹೊಸದಾಗಿ ಹುಡುಕಬೇಕು. ಅದಕ್ಕಿಂತ ದೊಡ್ಡ ಕಾರಣ ಏನೂ ಇಲ್ಲ.

ಇಮ್ರಾನ್ ಮುಖ ಸಪ್ಪೆ ಮಾಡಿಕೊಂಡ. ಆದರೆ ನಮ್ಮ ಎಲ್ಲ ಪೇಜುಗಳನ್ನೂ ಸ್ಕ್ರೀನ್ ರೀಡರ್ ಹಾಕಿ ಪರೀಕ್ಷಿಸುವ ಕೆಲಸವನ್ನು ತಾನೇ ಕೇಳಿ ತೆಗೆದುಕೊಂಡ. ಈಗ ದಿನವೂ ಕಣ್ಣು ಮುಚ್ಚಿಕೊಂಡು ಕೂತಿರುತ್ತಾನೆ. ಕೆಲಸ ಮಾಡುತ್ತಿದ್ದಾನೋ ನಿದ್ದೆ ಹೊಡೆಯುತ್ತಿದ್ದಾನೋ ಬಾಸ್‌ಗೆ ತಿಳಿಯುವುದಿಲ್ಲ.

ನೀವೇ ಕಟ್ಟಿದ ಪೇಜಿನಲ್ಲಿ ಕಣ್ಣು ಮುಚ್ಚಿಕೊಂಡು ಎಷ್ಟು ದೂರ ಹೋಗಬಲ್ಲಿರಿ, ಯಾವತ್ತಾದರೂ ನೋಡಿದ್ದೀರಾ?